ಹತ್ತಿಯೊಳಗಿನ ಬಿಸಿ, ನಕ್ಷತ್ರದ ಸಿಟ್ಟು

ಢಣ್, ಢಣ್, ಢಣ್. ಹಿಟ್ಟು ನಾದುವ ಹಿತ್ತಾಳೆಯ ಪರಾತ ಕಲ್ಲಿನ ಮೆಟ್ಟಿಲಿಳಿದು ಬರುವ ಸದ್ದು ಇದು. ಮೆಟ್ಟಿಲಿಗೊಂದು ಪೆಟ್ಟು ತಿಂದು, ಕೆಳಗಿನ ಪಡಸಾಲೆಗೆ ಬಂದು, ಅಂಚಿನ ಮೇಲೆ ನಿಂತು ತಿರುಗತೊಡಗುತ್ತಿತ್ತು. ಮೊದಮೊದಲು ನಿಧಾನ. ವಾಲಿದಂತೆಲ್ಲ ಜೋರು. ಕಡೆಗೆ ಉಸಿರುಗಟ್ಟಿದ ಝಣಝಣ, ಆಮೇಲೆ ಥಟ್ಟನೆ ನಿಶ್ಶಬ್ದ. ಆ ನಿಶ್ಶಬ್ದದೊಳಗಿಂದ ಮಹಡಿಯ ಮೇಲೆ ನನ್ನ ತಂಗಿಯ ದನಿ, ಏನೂ ಆಗದವರ ಹಾಗೆ: "ಅಕ್ಕಾ ಬಂದಿಯೇನ? ಕೂಡು, ಚಹಾಕ್ಕ ಇಡ್ತೇನಿ."

ತಂಗಿಯ ಮನೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ನಾನು ಧಾರವಾಡದವಳು, ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸಿ ರಿಟೈರ್ ಆದವಳು, ಮದುವೆಯ ಗೊಡವೆಗೆ ಹೋಗದೆ ಒಂದು ಸಣ್ಣ ಟೆಲಿಸ್ಕೋಪಿನ ಜೊತೆ ಸಂಸಾರ ಮಾಡಿದವಳು. ಭಾನುವಾರ ಬಂತೆಂದರೆ ಚಿಗರಿ ಬಸ್ಸು ಹಿಡಿದು ತಂಗಿಯ ಮನೆಗೆ ಹೋಗುತ್ತಿದ್ದೆ. ವಾರಗಟ್ಟಲೆ ಆ ಮನೆಯಲ್ಲಿ ಒಂದು ಚಮಚ ಬಿದ್ದ ಸದ್ದೂ ಇರುತ್ತಿರಲಿಲ್ಲ. ಆಮೇಲೊಂದು ದಿನ ಪರಾತ, ಅದರ ಹಿಂದೆ ಗಾಜಿನ ಬರಣಿ, ಅದರ ಹಿಂದೆ ಬಾಗಿಲಿನ ಚಿಲಕವೇ ಕಿತ್ತುಬರುವಂಥ ಹೊಡೆತ. ಓಣಿಯವರು ಕಿಟಕಿ ತೆರೆದು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ.

"ಇವತ್ತ ಸಾವಕಾರ್ರು ಏನಂದ್ರಂತರಿ ಆಕಿಗೆ?"

ಸಾವಕಾರರು ಅಂದರೆ ತಂಗಿಯ ಗಂಡ. ಅಮರಗೋಳದ ಮಾರುಕಟ್ಟೆಯ ಅಂಗಳದಲ್ಲಿ ಹತ್ತಿಯ ಅಂಗಡಿ, ಹಿಂದೆ ಗೋದಾಮು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ನಗೆ. ಹೆಂಡತಿಯ ಮೇಲೆ ಒಂದು ದಿನವೂ ಕೈಯೆತ್ತಿದ ಮನುಷ್ಯನಲ್ಲ. ಆದರೆ ಪಂಕ್ತಿಯಲ್ಲಿ ನಾಕು ಜನ ಕೂತರೆ ಸಾಕು, ಶುರು.

"ಸಾರು ಸಪ್ಪಗೈತಿ ಅನಬ್ಯಾಡ್ರಿ. ನಮ್ಮ ಮೇಮಸಾಬ್ರು ಇಂಗ್ಲಿಷಿನ್ಯಾಗ ಉಪ್ಪು ಹಾಕ್ಯಾರ. ನಿಮ್ಮ ನಾಲಗಿಗಿ ತಿಳಿವಲ್ದು."

ಎಲ್ಲರೂ ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು. ಆ ನಗು ನಮಗೆ ಕಾನ್ವೆಂಟಿನಲ್ಲಿ ಕಲಿಸಿಕೊಟ್ಟದ್ದು. ಮೊಣಕಾಲು ಒಡೆದು ರಕ್ತ ಸುರಿಯುತ್ತಿದ್ದರೂ, ಪಕ್ಕದ ಹುಡುಗಿ ಜಡೆ ಎಳೆದು ಕೆಡವಿದರೂ, ನಮ್ಮ ಸಿಸ್ಟರ್‌ಗಳು ಹೇಳುತ್ತಿದ್ದದ್ದು ಒಂದೇ ಮಾತು: "ಆಫರ್ ಇಟ್ ಅಪ್, ಚೈಲ್ಡ್." ನುಂಗು, ದೇವರಿಗೆ ಅರ್ಪಿಸು. ನಾನು ನುಂಗಿದ್ದನ್ನೆಲ್ಲ ಬ್ಲ್ಯಾಕ್‌ಬೋರ್ಡಿನ ಮೇಲೆ ಗೀಚಿ ಒರೆಸಿಬಿಟ್ಟೆ. ಅವಳಿಗೆ ಬ್ಲ್ಯಾಕ್‌ಬೋರ್ಡ್ ಇರಲಿಲ್ಲ.

ಆ ದಿನಗಳಲ್ಲಿ ನಾನು ಬೆನ್ನು ಹತ್ತಿದ್ದ ಒಂದು ನಕ್ಷತ್ರವಿತ್ತು, ಹಂಸದ ಆಕಾರದ ತಾರಾಪುಂಜದಲ್ಲಿ. ಅದು ಸುಮ್ಮನಿದ್ದಾಗ ನನ್ನ ಸಣ್ಣ ಟೆಲಿಸ್ಕೋಪಿಗೆ ಕಾಣುವುದೇ ಇಲ್ಲ. ಅದರ ಜಾಗದಲ್ಲಿ ಬರೀ ಕತ್ತಲೆ. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ನೋಡಿದರೆ ಅಲ್ಲಿ ಉರಿ ಹೊತ್ತಿಕೊಂಡಿರುತ್ತದೆ. ಒಂದೆರಡು ದಿನದಲ್ಲಿ ಹತ್ತಾರು ಪಟ್ಟು ಬೆಳಕು. ಆಮೇಲೆ ಮತ್ತೆ ಇಳಿದು ಮಾಯ. ಸಿಟ್ಟು ಬಂದಾಗ ಮಾತ್ರ ಕಾಣುವ ನಕ್ಷತ್ರ.

ತಂಗಿ ಧಾರವಾಡಕ್ಕೆ ಬಂದಾಗ, ಅದು ಉರಿಯುತ್ತಿದ್ದ ಒಂದು ರಾತ್ರಿ, ಅವಳನ್ನು ಟೆರೇಸಿಗೆ ಕರೆದೊಯ್ದು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

"ಒಂದ ಚಿಕ್ಕಿ ಐತಿ."

"ಒಂದಲ್ಲ, ಎರಡು. ಒಂದು ಉರಿದು ಮುಗಿದ ನಕ್ಷತ್ರದ ಬೂದಿ. ವೈಟ್ ಡ್ವಾರ್ಫ್ ಅಂತೇವಿ. ಸೂರ್ಯನಷ್ಟು ಭಾರ, ಆದರ ಗಾತ್ರ ನಮ್ಮ ಭೂಮಿಯಷ್ಟ. ಅದರ ಒಂದು ಚಮಚಾ ಎತ್ತಬೇಕಂದ್ರ ಮಾಲು ತುಂಬಿದ ಒಂದು ಲಾರಿ ಎತ್ತಿದಂಗ."

"ಇನ್ನೊಂದು?"

"ಇನ್ನೊಂದು ಕೆಂಪಂದು, ಜೀವಾ ಇದ್ದದ್ದು. ಎರಡೂ ಎಷ್ಟು ಹತ್ರ ಅದಾವ ಅಂದ್ರ, ಮುಂಜಾನಿ ತಿರುಗಾಕ ಶುರು ಮಾಡಿದ್ರ ಮಧ್ಯಾಹ್ನದೊಳಗ ಒಂದು ಸುತ್ತು ಮುಗೀತದ. ಆ ಕೆಂಪಂದರ ಮೈಮ್ಯಾಲಿನ ಗಾಳಿ ಈ ಬೂದಿಯ ಸೆಳೆತಕ್ಕ ಸಿಕ್ಕು ಸುರೀತನ ಇರ್ತದ."

"ಸೀದಾ ತಲೀ ಮ್ಯಾಲ?"

ಸೀದಾ ಅಲ್ಲ. ಅದನ್ನು ಹೇಳಲು ನನಗೆ ಪರಾತವೇ ನೆನಪಾಯಿತು, ಅವಳಿಗೆ ಬೇಜಾರಾದೀತೆಂದು ಬಾಯಿಗೆ ತರಲಿಲ್ಲ. ಸುರಿಯುವ ಅನಿಲ ತಿರುಗುತ್ತಲೇ ಬರುತ್ತದಾದ್ದರಿಂದ ನೇರ ಬೀಳಲಾರದು. ಬೂದಿಯ ಸುತ್ತ ಒಂದು ಚಪ್ಪಟೆ ಬಳೆಯಾಗಿ ಸುತ್ತುತ್ತ ನಿಲ್ಲುತ್ತದೆ. ತಣ್ಣಗಿರುವಾಗ ಆ ಬಳೆಯೊಳಗೆ ತಿಕ್ಕಾಟ ಕಡಿಮೆ, ಕೆಳಗೆ ಜಾರುವುದೂ ಕಡಿಮೆ. ಬಂದದ್ದು ಬಂದಲ್ಲೇ ಜಮೆಯಾಗುತ್ತದೆ. ದಪ್ಪವಾದಂತೆ ಬಿಸಿಯಾಗುತ್ತದೆ. ಬಿಸಿ ಒಂದು ಮಟ್ಟ ಮುಟ್ಟಿತೋ, ಹೈಡ್ರೋಜನ್ ಪರಮಾಣುಗಳು ಹರಿದು ಚೂರಾಗುತ್ತವೆ. ಅಲ್ಲಿಯ ತನಕ ತೆಳುಬಟ್ಟೆಯಂತಿದ್ದ ಅನಿಲ ಕಂಬಳಿಯಂತಾಗುತ್ತದೆ. ಶಾಖ ಹೊರಗೆ ಹೋಗಲಾರದು. ಒಳಗೇ ಕುದಿಯುತ್ತದೆ, ತಿಕ್ಕಾಟ ಏರುತ್ತದೆ, ಆ ತಿಕ್ಕಾಟದಿಂದ ಮತ್ತಷ್ಟು ಬಿಸಿ. ಒಂದು ಕಡೆ ಹೊತ್ತಿದ್ದು ಇಡೀ ಬಳೆಗೆ ಹಬ್ಬಿ, ವಾರಗಟ್ಟಲೆ ಕೂಡಿದ್ದೆಲ್ಲ ಒಮ್ಮೆಲೇ ಕುಸಿದು ಆ ಬೂದಿಯ ಮೇಲೆ ಅಪ್ಪಳಿಸುತ್ತದೆ. ನಾವು ಕಾಣುವ ಬೆಳಕು ಆ ಕುಸಿತದ್ದು. ಎಲ್ಲ ಸುರಿದುಹೋದ ಮೇಲೆ ಬಳೆ ತಣ್ಣಗಾಗುತ್ತದೆ, ಸುಮ್ಮನಾಗುತ್ತದೆ, ಮತ್ತೆ ತುಂಬತೊಡಗುತ್ತದೆ.

"ಅಂದ್ರ," ತಂಗಿ ಕಣ್ಣು ತೆಗೆಯದೆ ಕೇಳಿದಳು, "ಸಿಟ್ಟು ಬಂದ ದಿನ ಆ ಕೆಂಪಂದು ಹೆಚ್ಚಿಗಿ ಸುರಿದಿರೂದಿಲ್ಲ?"

ಇದೇ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡ ಪಂಡಿತರು ವರ್ಷಗಟ್ಟಲೆ ಕಚ್ಚಾಡಿದ್ದರು. ಪಕ್ಕದ ನಕ್ಷತ್ರ ಒಮ್ಮೊಮ್ಮೆ ರಭಸದಿಂದ ಸುರಿಯುತ್ತದೆ, ಅದಕ್ಕೇ ಈ ಸ್ಫೋಟ ಅಂದರು ಒಂದು ಪಂಗಡದವರು. ಅಲ್ಲ, ಅದು ಸುರಿಯುವುದು ಎಂದಿನ ಹಾಗೆಯೇ, ಕೆಡುವುದು ಬಳೆಯ ಸಮತೋಲ ಅಂದರು ಇನ್ನೊಂದು ಪಂಗಡದವರು. ಈಗ ಬಹಳ ಜನ ಒಪ್ಪಿರುವುದು ಎರಡನೆಯದನ್ನು.

"ಹೆಚ್ಚಿಗಿ ಬೇಕಾಗಿಲ್ಲ," ಅಂದೆ. "ದಿನದಷ್ಟ ಸಾಕು."

"ಇದನ್ನ ನಮ್ಮ ಓಣ್ಯಾಗ ಬಂದು ಒಂದು ಲೆಕ್ಚರ್ ಕೊಡು ಮಾರಾಯ್ತಿ," ಅಂದಳು.

ಆ ವರ್ಷ ದೀಪಾವಳಿಗೆ ಮಳೆ ಹಿಡಿದುಕೊಂಡಿತು. ತಂಗಿಯ ಗಂಡನ ಮನೆತನದಲ್ಲಿ ಒಂದು ಪದ್ಧತಿ. ಬೇರೆ ವ್ಯಾಪಾರಿಗಳು ಹಬ್ಬದಲ್ಲಿ ತಕ್ಕಡಿಗೋ ತಿಜೋರಿಗೋ ಪೂಜೆ ಮಾಡಿದರೆ, ಇವರು ಹೊಸ ಹತ್ತಿಯನ್ನೇ ಗೋದಾಮಿನಲ್ಲಿ ಆಳೆತ್ತರ ಒಟ್ಟಿ, ಅದರ ನೆತ್ತಿಯ ಮೇಲೆ ಲಕ್ಷ್ಮಿಯ ತಾಮ್ರದ ತಂಬಿಗೆಯನ್ನು ಕೂಡಿಸುತ್ತಾರೆ. ಪಾಡ್ಯದಿಂದ ಪಂಚಮಿಯವರೆಗೆ ಆ ಒಟ್ಟನ್ನು ಕದಲಿಸುವ ಹಾಗಿಲ್ಲ. ಕೆದಕುವ ಹಾಗಿಲ್ಲ, ತಿರುವುವ ಹಾಗಿಲ್ಲ. ಕೂತ ಲಕ್ಷ್ಮಿ ಎದ್ದುಹೋಗುತ್ತಾಳೆ ಅಂತ. ಹತ್ತಿ ಒಣಗಿದ್ದರೆ ಈ ನಂಬಿಕೆಯಿಂದ ಯಾರಿಗೂ ತೊಂದರೆಯಿಲ್ಲ. ಆ ಸಲ ಟೆಂಪೋಗಳು ಮಳೆಯಲ್ಲಿ ನೆನೆಯುತ್ತ ಬಂದವು, ಹತ್ತಿ ಒಳಗೊಳಗೇ ಹಸಿ. ಮುಹೂರ್ತ ಮೀರುತ್ತದೆಂದು ಹಾಗೆಯೇ ಒಟ್ಟಿದರು.

ನಮ್ಮಪ್ಪ ಹತ್ತಿಯ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿದ್ದರು. ಸಣ್ಣವಳಿದ್ದಾಗ ತಂಗಿ ಅವರ ಬೆನ್ನು ಬಿಡದೆ ಗೋದಾಮು ಸುತ್ತುತ್ತಿದ್ದಳು. ಭುಜದ ತನಕ ತೋಳು ಹುಗಿದು ಹತ್ತಿಯ ಒಟ್ಟು ಒಳಗೆ ಹೇಗಿದೆ ಎಂದು ನೋಡುವುದನ್ನು ಅವಳಿಗೆ ಅವರೇ ಕಲಿಸಿದ್ದರು. ಕಾಳು ಬಿಡಿಸದ ಹಸಿ ಹತ್ತಿ ಉಸಿರಾಡುತ್ತದೆ. ಆ ಉಸಿರಿನ ಶಾಖ ಹೊರಗೆ ಬರಲಾರದೆ ನಡುವಿನಲ್ಲಿ ಬೆಳೆಯುತ್ತದೆ.

ಹಬ್ಬಕ್ಕೆಂದು ನಾನೂ ಹೋಗಿದ್ದೆ. ಪಾಡ್ಯ ಮುಗಿದ ಮಾರನೆಯ ದಿನ ಗೋದಾಮಿನಲ್ಲಿ ಆರತಿಯಾಯಿತು. ತಂಗಿ ಆರತಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಕಟ್ಟಿ, ತೋಳನ್ನು ಒಟ್ಟಿನೊಳಗೆ ಹುಗಿದಳು. ಹೊರಗೆ ತೆಗೆದಾಗ ಮುಂಗೈ ಕೆಂಪಗಾಗಿತ್ತು.

"ಬಿಸಿ ಆಗೇತ್ರಿ ಒಳಗ. ಇವತ್ತ ಒಡದು ಹರವಬೇಕು."

ಅವಳ ಗಂಡ ಹಮಾಲರ ಕಡೆ ತಿರುಗಿದ. "ಕೇಳಿದ್ರ್ಯಾ? ಲಕ್ಷ್ಮಿಗಿ ಜ್ವರಾ ಬಂದಾವಂತ! ಲಗೂನ ಥರ್ಮಾಮೀಟರ್ ತರ್ರಿ ಮೇಮಸಾಬ್ರಿಗೆ. ಬಗಲಾಗ ಇಡ್ತೀರೋ, ನಾಲಗಿ ಕೆಳಗೋ?"

ಹಮಾಲರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ತಂಗಿಯೂ ನಕ್ಕಳು. ಆ ಸಂಜೆ ಪರಾತ ಬೀಳಲಿಲ್ಲ. ಅದರ ಮರುದಿನವೂ ಇಲ್ಲ. ಹೋಳಿಗೆ ಮಾಡಿದಳು, ನೆರೆಹೊರೆಗೆ ಹಂಚಿದಳು.

ಪಂಚಮಿಗೆ ಇನ್ನೂ ಮೊದಲು, ಒಂದು ಬೆಳಿಗ್ಗೆ. ನಾನೂ ಅವಳೂ ಅಂಗಡಿಗೆ ಬುತ್ತಿ ಒಯ್ದಿದ್ದೆವು. ಗೋದಾಮಿನಲ್ಲಿ ರೊಟ್ಟಿ ಸೀದಂಥ ವಾಸನೆ. ಆತ ಬುತ್ತಿಯ ಡಬ್ಬಿ ತೆಗೆಯುತ್ತ ಕೇಳಿದ್ದು ಇಷ್ಟೇ: "ಇವತ್ತ ಪಲ್ಲೆ ಏನೈತಿ?"

ತಂಗಿ ಗೋಡೆಯ ಮೇಲಿದ್ದ ಕೊಕ್ಕೆ, ಹತ್ತಿಯ ಅಂಡಿಗೆ ಮೂಟೆಗಳನ್ನು ಎಳೆಯುವ ಕಬ್ಬಿಣದ ಕೊಕ್ಕೆ, ಅದನ್ನು ತೆಗೆದುಕೊಂಡು ಒಟ್ಟಿನ ಮೇಲೆ ಹತ್ತಿದಳು. ಮೊದಲ ಒದೆಗೆ ತಂಬಿಗೆ ಹಾರಿ ಕಂಬಕ್ಕೆ ಬಡಿದು ನೀರು ಚೆಲ್ಲಿತು. ಆಮೇಲೆ ಕೊಕ್ಕೆ ಎತ್ತಿದಳು. ಎತ್ತಿದಳು, ಹೊಡೆದಳು, ಹರಿದಳು. ಎತ್ತಿದಳು, ಹೊಡೆದಳು, ಹರಿದಳು. ಹತ್ತಿ ಗೋಡೆಗೆ, ಸೂರಿಗೆ, ನಮ್ಮ ಮೋರೆಗೆ ಬಂದು ಬಡಿಯಿತು. ಬಾಯಿಂದ ಒಂದೂ ಶಬ್ದವಿಲ್ಲ, ಹಲ್ಲು ಕಡಿಯುವುದಷ್ಟೇ ಕೇಳಿಸುತ್ತಿತ್ತು. "ಹುಚ್ಚ ಹಿಡೀತೇನ ನಿನಗ!" ಎಂದು ಆತ ಮೇಲೆ ಹತ್ತಿ ಹಿಂದಿನಿಂದ ಸೆರಗು ಹಿಡಿದು ಎಳೆದ. ಅವಳು ಗರ್ರನೆ ತಿರುಗಿದಳು. ಕೊಕ್ಕೆ ಅವಳ ಜೊತೆಗೇ ತಿರುಗಿ ಆತನ ಬಲಭುಜದಲ್ಲಿ ನೆಟ್ಟಿತು. ಕೀಳಲು ಅವಳು ಎರಡೂ ಕೈ ಹಾಕಬೇಕಾಯಿತು. ಆತ ಕೂಗಿದ ಕೂಗಿಗೆ ಸೂರಿನ ಪಾರಿವಾಳಗಳು ಎದ್ದವು. ರಕ್ತ ಹರಿದು ಕೆಳಗೆ ಬರಲೇ ಇಲ್ಲ. ಬಿದ್ದಲ್ಲೇ ಹತ್ತಿ ಕುಡಿಯಿತು.

ಅವಳು ಮತ್ತೆ ಹರಿಯತೊಡಗಿದಳು. ಬಿಳಿಯ ಕೆಳಗೆ ಹಳದಿ ಬಂತು, ಹಳದಿಯ ಕೆಳಗೆ ಕಂದು, ಕಂದಿನ ಕೆಳಗೆ ಕಪ್ಪು. ಕಪ್ಪಿನೊಳಗೆ ತೋಳು ಹಾಕಿದಳು, ಗಾಳಿ ಒಳಗೆ ನುಗ್ಗಿತು, ಇಡೀ ಒಟ್ಟು ಬುಸ್ ಎಂದು ಉಸಿರು ಬಿಟ್ಟು ಹೊತ್ತಿಕೊಂಡಿತು. ಹಮಾಲರು ಇಬ್ಬರನ್ನೂ ಕಾಲು ಹಿಡಿದು ಹೊರಗೆಳೆದರು. ನನ್ನನ್ನು ಯಾರು ಎಳೆದರೋ ನೆನಪಿಲ್ಲ. ಅಂಗಳದಲ್ಲಿ ನಿಂತು ನೋಡಿದೆವು: ತಗಡಿನ ಚಾವಣಿ ಗುಂಡು ಹಾರಿದಂತೆ ಸಿಡಿಯುತ್ತಿತ್ತು, ಉರಿಯುವ ಹತ್ತಿಯ ಉಂಡೆಗಳು ಹಾರಿ ಪಕ್ಕದ ಲಾರಿಯ ಟಾರ್ಪಾಲಿನ ಮೇಲೆ ಬೀಳುತ್ತಿದ್ದವು. ಬೆಂಕಿಯವರ ಗಾಡಿ ಬಂದು ಎಷ್ಟು ನೀರು ಹೊಡೆದರೂ ಒಳಗಿನ ಕೆಂಪು ಸಂಜೆಯ ತನಕ ಆರಲಿಲ್ಲ.

ಒಬ್ಬ ಹಮಾಲ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ಅದು ಅವತ್ತೇ ಅಂಗಳದ ತುಂಬ, ಊರ ತುಂಬ ಓಡಾಡಿತು. ಶುರುವಾಗುವುದೇ ಕೊಕ್ಕೆಯಿಂದ. ಹೆಂಗಸೊಬ್ಬಳು ಲಕ್ಷ್ಮಿಯನ್ನು ಒದ್ದು, ಗಂಡನನ್ನು ಹೊಡೆದು, ಬೆಂಕಿ ಹಚ್ಚುತ್ತಾಳೆ. ಆರತಿಯ ದಿನ ಯಾರೂ ವಿಡಿಯೋ ಮಾಡಿರಲಿಲ್ಲ.

ನನ್ನ ಹಂಸದ ನಕ್ಷತ್ರದ ಸಿಟ್ಟು ಇದರ ಮುಂದೆ ಪರಾತ ಎಸೆದಷ್ಟು. ಅಂಥದೇ ಜೋಡಿಗಳಲ್ಲಿ ಇನ್ನೊಂದು ಬಗೆಯ ಸ್ಫೋಟವುಂಟು, ನೋವಾ ಎನ್ನುತ್ತಾರೆ. ಬಳೆ ಕುಸಿದು ಕುಸಿದು ಬೂದಿಯ ಮೈಮೇಲೆ ಬಿದ್ದದ್ದೇನಿದೆ, ಅದು ಅಲ್ಲೇ ಪದರವಾಗಿ ಕೂಡುತ್ತದೆ, ಸಾವಿರಾರು ವರ್ಷ. ಆ ಭಯಂಕರ ಭಾರದ ಕೆಳಗೆ ಪದರದ ಬುಡ ಅರೆದುಹೋಗುತ್ತದೆ. ನಮ್ಮ ಅಡುಗೆಮನೆಯ ಗಾಳಿಯಾದರೆ ಬಿಸಿಯಾದಾಗ ಹಿಗ್ಗುತ್ತದೆ, ಹಿಗ್ಗಿದ್ದಕ್ಕೇ ತಣ್ಣಗಾಗುತ್ತದೆ. ಪಾತ್ರೆಯ ಮುಚ್ಚಳ ಎತ್ತಿಕೊಂಡು ಉಗಿ ಹೋಗುವ ಹಾಗೆ. ಅಷ್ಟು ಅರೆದ ಅನಿಲಕ್ಕೆ ಹಿಗ್ಗುವ ಗುಣವೇ ಹೋಗಿಬಿಟ್ಟಿರುತ್ತದೆ. ಬಿಸಿಯೇರಿದರೂ ಅಲುಗುವುದಿಲ್ಲ. ಸೀಟಿಯಿಲ್ಲದ ಕುಕ್ಕರ್. ಬುಡದಲ್ಲಿ ಹೈಡ್ರೋಜನ್ ಬೆಸೆಯತೊಡಗುತ್ತದೆ. ಬೆಸೆದಷ್ಟು ಬಿಸಿ, ಬಿಸಿಯಾದಷ್ಟು ಬೆಸುಗೆ, ಅದನ್ನು ತಡೆಯುವವರು ಯಾರೂ ಇಲ್ಲ. ಕೊನೆಗೆ ಇಡೀ ಪದರ ಹರಿದು ಆಕಾಶಕ್ಕೆ ಎಸೆಯಲ್ಪಡುತ್ತದೆ. ಎಲ್ಲಿ ಏನೂ ಇರಲಿಲ್ಲವೋ ಅಲ್ಲಿ ಬರಿಗಣ್ಣಿಗೆ ಕಾಣುವ ಹೊಸ ನಕ್ಷತ್ರ. ಕೊನೆಯ ದಿನ ಬಿದ್ದ ಹಿಡಿ ಅನಿಲ ಹಿಂದಿನ ದಿನದ ಹಿಡಿಗಿಂತ ಬೇರೆಯದೇನಲ್ಲ.

ಇದನ್ನೇ, ನಕ್ಷತ್ರ ಬಿಟ್ಟು ಹತ್ತಿಯ ಲೆಕ್ಕದಲ್ಲಿ, ಹಿರಿಯರ ಎದುರು ಹೇಳಲು ಹೋದೆ. ಗೋಪನಕೊಪ್ಪದ ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದರು. ನಡುವೆ ತಂಗಿಯ ಗಂಡನ ಚಿಕ್ಕಪ್ಪ, ಎಲ್ಲರೂ ಕಾಕಾ ಅನ್ನುವ ಮನೆತನದ ಹಿರಿಯ. ಹಬ್ಬಕ್ಕೆ ಊರಲ್ಲಿರಲಿಲ್ಲ, ವಿಡಿಯೋ ನೋಡಿಯೇ ಓಡಿಬಂದವರು. ಭುಜಕ್ಕೆ ಪಟ್ಟಿ, ಕೊರಳಿಗೆ ಜೋಳಿಗೆಯಂತೆ ಕಟ್ಟಿದ ಕೈ, ಹಾಗೆ ತಂಗಿಯ ಗಂಡ ಕೂತಿದ್ದ. ಅಡುಗೆಮನೆಯ ಬಾಗಿಲಲ್ಲಿ ಸುಟ್ಟ ತೋಳಿನ ತಂಗಿ.

"ಧಾರವಾಡಕ್ಕ ಒಯ್ಯೋಣು," ಅಂದರು ಕಾಕಾ. ಈ ಭಾಗದಲ್ಲಿ ಆ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹುಚ್ಚರ ಆಸ್ಪತ್ರೆ.

"ಆಕಿ ಬೆಂಕಿ ಹಚ್ಚಿಲ್ರಿ," ಅಂದೆ. "ಹಸೀ ಹತ್ತಿ ತಾನ ಹೊತ್ತಿತ್ತು. ಆಕಿ ಮೊದಲ ಹೇಳಿದ್ಲು, ಬಿಸಿ ಆಗೇತಿ ಅಂತ. ನಾನ ಅಲ್ಲಿದ್ದೆ."

"ಟೀಚರ್ ಬಾಯಾರ, ಇದು ಸಾಲಿ ಅಲ್ಲ. ಅಕ್ಕ ಅಂದಮ್ಯಾಲ ತಂಗೀ ಪರ ಮಾತಾಡೂದ. ಹಮಾಲರನ್ನ ಕೇಳೇನಿ, ಯಾರೂ ಏನೂ ಕೇಳಿಲ್ಲಂತ."

ನಾನು ತಂಗಿಯ ಗಂಡನ ಕಡೆ ತಿರುಗಿದೆ. "ನೀವ ಹೇಳ್ರಿ. ಹೇಳಿದ್ಲೋ ಇಲ್ಲೋ?"

ಆತ ಜೋಳಿಗೆಯೊಳಗಿನ ಬೆರಳುಗಳನ್ನೇ ನೋಡಿದ. "ನನಗ ನೆನಪಿಲ್ಲ."

ಈಗ ಇನ್ನೊಂದು ಸ್ಫೋಟ ಆಗುತ್ತದೆ ಎಂದು ನಾನು ಕುರ್ಚಿಯ ಕೈ ಹಿಡಿದೆ. ಆಗಲಿಲ್ಲ. ಸ್ಫೋಟವಾದ ಮೇಲಿನ ತಂಪು ಅದು; ಕೂಡಿದ್ದೆಲ್ಲ ಹೋಗಿತ್ತು. ತಂಗಿ ನಿಧಾನಕ್ಕೆ, ಸಿಸ್ಟರ್‌ಗಳ ಮುಂದೆ ಪಾಠ ಒಪ್ಪಿಸುವವರ ಹಾಗೆ ಅಂದಳು: "ಐ ಟೋಲ್ಡ್ ಹಿಮ್." ಆಮೇಲೆ ಎಲ್ಲರಿಗೂ ತಿಳಿಯಲೆಂದು, "ನಾ ಹೇಳಿದ್ದೆ. ಕಾಕಾನ ಮುಂದ ಅವರು ಅದನ್ನ ಅನ್ನೂತನಕ ಈ ಮನ್ಯಾಗ ನಾ ಕಾಲಿಡೂದಿಲ್ಲ. ಅಕ್ಕಾ, ನಡಿ. ಆಸ್ಪತ್ರಿಗೂ ಹೋಗೂಣು, ಅದನ್ನೂ ನೋಡೇಬಿಡೂಣು."

ಧಾರವಾಡದ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಅವಳನ್ನು ಬಹಳ ಹೊತ್ತು ಮಾತಾಡಿಸಿದರು. ಹೊರಗೆ ಬಂದು ಕಾಕಾನಿಗೆ ಹೇಳಿದರು: "ಇವರಿಗೆ ಬೇಕಾದದ್ದು ಸುಟ್ಟಗಾಯಕ್ಕ ಮುಲಾಮು. ನಮ್ಮಲ್ಲಿ ಇರಬೇಕಾದವರಲ್ಲ." ಕಾಕಾ ಚಪ್ಪಲಿ ಮೆಟ್ಟಿ ಹೋದರು. ತಂಗಿ ನನ್ನ ಮನೆಗೆ ಬಂದಳು.

ಆ ಚಳಿಗಾಲ ಆತ ನನ್ನ ಗೇಟಿಗೆ ಹಲವು ಸಲ ಬಂದ. ಬಲಗೈ ಎತ್ತಲಾಗದೆ ಎಡಗೈಯಲ್ಲಿ ಚಿಲಕ ಅಲ್ಲಾಡಿಸುತ್ತ ನಿಲ್ಲುತ್ತಿದ್ದ.

"ಮೇಮಸಾಬ್, ನಿಮ್ಮ ಪರಾತಕ್ಕ ತುಕ್ಕ ಹಿಡೀತು."

"ಹಿತ್ತಾಳಿಗಿ ತುಕ್ಕ ಹಿಡಿಯೂದಿಲ್ಲ."

"ನನಗರೆ ಹಿಡೀತು."

"ಎಣ್ಣಿ ಹಚ್ಚಿಗೋರಿ." ತಂಗಿ ಒಳಗೆ ಬಂದುಬಿಡುತ್ತಿದ್ದಳು. ಅಷ್ಟೇ ಆಡುತ್ತಿದ್ದ ಆತ. ಆ ಒಂದು ಮಾತು ಮಾತ್ರ ಬರುತ್ತಿರಲಿಲ್ಲ.

ಒಂದು ಸಂಜೆ ಟೆರೇಸಿನ ಮೇಲೆ ನಾನು ನೋವಾ ಬಗ್ಗೆ ಹೇಳಿ ಮುಗಿಸಿದಾಗ ಅವಳು ಕೇಳಿದಳು: "ಅಷ್ಟು ದೊಡ್ಡದು ಆದಮ್ಯಾಲ ನಿನ್ನ ನೋವಾ ಚಿಕ್ಕಿ ಕತಿ ಮುಗೀತಿಲ್ಲೋ?"

"ಇಲ್ಲ. ಬೂದಿ ಹಂಗ ಉಳೀತದ, ಪಕ್ಕದ್ದೂ ಉಳೀತದ. ಮತ್ತ ಸುರೀಲಿಕ್ಕೆ ಶುರು." ನನಗೆ ಹೇಳಬೇಕಾದದ್ದು ಅದರೊಳಗೇ ಇತ್ತು, ಅವಳಿಗೆ ತಿಳಿಯಿತು.

"ನಿನ್ನ ಚಿಕ್ಕಿ ಯಾರಿಗೂ 'ಸಾಕು' ಅನ್ನಾಂಗಿಲ್ಲ, ಅಕ್ಕಾ. ನಾ ಅಂತೇನಿ."

ಬೇಸಿಗೆಗೆ ಮೊದಲು ಒಂದು ಬೆಳಿಗ್ಗೆ ಆತನ ಕಾರು ಬಂದು ನಿಂತಿತು. ಮುಂದಿನ ಸೀಟಿನಿಂದ ಕಾಕಾ ಇಳಿದರು. ತಂಗಿಯ ಗಂಡ ಗೇಟಿನ ಹೊರಗೇ ನಿಂತ. ನಗಲಿಲ್ಲ.

"ಕಾಕಾ, ಆಕಿ ಹೇಳಿದ್ಲು. ಬಿಸಿ ಆಗೇತಿ, ಒಡೀಬೇಕು ಅಂತ ಹೇಳಿದ್ಲು. ಹಮಾಲರ ಮುಂದ ನಾ ಆಕೀನ್ನ ನಗಿಗೀಡ ಮಾಡ್ದೆ. ನೆನಪಿಲ್ಲ ಅಂದದ್ದು ಸುಳ್ಳ."

ಕಾಕಾ ಮುಂದಿನ ಸೀಟು ಅವಳಿಗೆ ಬಿಟ್ಟು, ತಾವೇ ಹೋಗಿ ಹಿಂದಿನ ಸೀಟಿನಲ್ಲಿ ಕೂತರು.

ಅವಳು ಗಂಡನ ಮನೆಗೆ ಹೋದ ಮೇಲೆ ಬಂದ ಕೊರೋನಾ ಕಾಲದಲ್ಲಿ ಎರಡು ಊರುಗಳ ನಡುವಿನ ರಸ್ತೆ ಮುಚ್ಚಿತು. ಜ್ವರ ಬಂದು ಆಸ್ಪತ್ರೆಗೆ ಸೇರಿದವಳನ್ನು ನೋಡಲು ಯಾರನ್ನೂ ಬಿಡಲಿಲ್ಲ, ತೀರಿಕೊಂಡವಳನ್ನು ಸುಡುವಾಗಲೂ ಬಿಡಲಿಲ್ಲ. ಫೋನಿನಲ್ಲಿ ದನಿ ಕೇಳಿದ್ದೇನೆ, ಕಣ್ಣಿಂದ ನೋಡಿದ್ದು ಕಾರು ಬಂದ ಆ ಬೆಳಿಗ್ಗೆಯೇ ಕಡೆ.

ಮುಂದಿನ ಸೀಟಿನಲ್ಲಿ ಕೂತಿದ್ದಳು, ಕಿಟಕಿಯ ಗಾಜು ಇಳಿಸಿ, ಸುಟ್ಟ ತೋಳನ್ನು ಹೊರಗೆ ಚಾಚಿ. ಹೊಸ ಚರ್ಮ ಬಿಸಿಲಿಗೆ ಮಿಂಚುತ್ತಿತ್ತು. ಆತ ಎಡಗೈ ಒಂದರಲ್ಲೇ ಸ್ಟೀರಿಂಗ್ ತಿರುಗಿಸುತ್ತ ಕಾರನ್ನು ಓಣಿಯಲ್ಲಿ ಹಿಂದೆ ತೆಗೆದ, ತಿರುಗಿಸಿದ, ಏನೋ ಹೇಳಿ ನಕ್ಕ. ತಂಗಿ ನಗಲಿಲ್ಲ. ಆತನ ಕಡೆ ಪೂರ್ತಿ ತಿರುಗಿ ಒಂದು ಮಾತಂದಳು. ಏನೆಂದು ನನಗೆ ಕೇಳಿಸಲಿಲ್ಲ. ಕಾರು ಅಲ್ಲೇ ನಿಂತಿತು. ಆತ ಅವಳ ಮುಖ ನೋಡಿ, ತಲೆಯಾಡಿಸಿ, ಏನೋ ಉತ್ತರ ಕೊಟ್ಟ. ಆಮೇಲೆ ಅವಳು ಮುಂದಕ್ಕೆ ನೋಡಿ ಕೈಬೀಸಿ ದಾರಿ ತೋರಿಸಿದಳು, ಕಾರು ಹೋಯಿತು.